ಲಾಂಡ್ರಿಯ ದೊಡ್ಡಕ್ಕನಿಗೆ ಹೇಸಿಗೆ ಬಂದದ್ದು

ದೊಡ್ಡಕ್ಕನ ಮೂಗಿಗೆ ವಾಸನೆಯೇ ತಾಗುವುದಿಲ್ಲ ಎಂದು ಲಾಂಡ್ರಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಅದು ಸುಳ್ಳು. ಎಲ್ಲರಿಗಿಂತ ಮೊದಲು ವಾಸನೆ ತಿಳಿಯುತ್ತಿದ್ದದ್ದು ಅವಳಿಗೇ. ಮುಖ ಕಿವುಚುತ್ತಿರಲಿಲ್ಲ, ಅಷ್ಟೇ.

ಲಾಂಡ್ರಿ ಇದ್ದದ್ದು ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ. ಮೇಲಿನ ಅಂತಸ್ತುಗಳ ಕೊಳೆಯೆಲ್ಲ ಒಂದು ತಗಡಿನ ಕೊಳವೆಯೊಳಗೆ ಜಾರಿ ಬಂದು ಅವಳ ಕಾಲ ಬಳಿ ಧೊಪ್ಪೆಂದು ಬೀಳುತ್ತಿತ್ತು. ಕುಡಿದು ಕಕ್ಕಿದ್ದು, ಗಾಯದ ರಕ್ತ, ಕೂಸುಗಳದ್ದು, ಮುದುಕರದ್ದು, ಹೊಸ ಜೋಡಿಗಳದ್ದು, ಯಾವುದೂ ಬಾಕಿ ಇರುತ್ತಿರಲಿಲ್ಲ. ಹೊಸದಾಗಿ ಸೇರಿದವರು ಓಡಿಹೋಗಿ ಗೋಡೆಗೆ ಮುಖ ಮಾಡಿ ನಿಲ್ಲುವರು. ದೊಡ್ಡಕ್ಕ ಮಾತ್ರ ಎರಡೂ ಕೈಯಲ್ಲಿ ಎತ್ತಿ ಬಿಡಿಸಿ ನೋಡಿ, ಇದು ತಣ್ಣೀರಿಗೆ, ಇದು ಬಿಸಿನೀರಿಗೆ ಎಂದು ಬೇರೆ ಮಾಡುವಳು. "ಮನುಷ್ಯರ ಮೈಯಿಂದ ಬಂದದ್ದು ತಾನೇ? ನೀರು ಬಿದ್ರೆ ಹೋಗುತ್ತೆ" ಎನ್ನುವಳು. ಹಾಗೆ ಹೇಳಿ ಹೇಳಿಯೇ ಎಷ್ಟೋ ಜನರನ್ನು ಆ ಕೆಲಸದಲ್ಲಿ ನಿಲ್ಲಿಸಿದ್ದಳು.

ಮದುವೆಯಾದ ಹೊಸತರಲ್ಲಿ ಸೇರಿದವಳು. ಗಂಡ ಲಿಫ್ಟು ರಿಪೇರಿ ಮಾಡುವವನು. ಬೇರೆಯವರ ಕಟ್ಟಡಗಳಲ್ಲಿ ಜನರನ್ನು ಮೇಲಕ್ಕೆ ಕಳಿಸುವವನ ಮನೆಗೆ ಮಾತ್ರ ಇಕ್ಕಟ್ಟಾದ ಮೆಟ್ಟಿಲೇ ಗತಿ. ಇರುವ ಎರಡು ಕೋಣೆಯಲ್ಲಿ ಅತ್ತೆಯೂ ಸೇರಿ ಮೂವರು. ಮಕ್ಕಳಾಗಲಿಲ್ಲ. ಅದನ್ನು ಯಾರಾದರೂ ಕೆದಕಿದರೆ ಅತ್ತೆಯೇ ಮುಂದೆ ಬಂದು, "ನನ್ನ ಸೊಸೆಗೆ ಲಾಂಡ್ರೀಲಿ ಎಂಟು ಜನ ಇದ್ದಾರಲ್ಲ, ಸಾಕು ಬಿಡಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆ ಎಂಟು ಜನರಲ್ಲಿ ಕುಳ್ಳಿ ಎಂಬವಳು ದೊಡ್ಡಕ್ಕನಿಗೆ ತೀರ ಹತ್ತಿರದವಳು. ಇಬ್ಬರೂ ಒಂದೇ ವರ್ಷ ಸೇರಿದ್ದರು. ಕುಳ್ಳಿ ಬಿಸಿ ಉರುಳೆಯ ಮುಂದೆ ನಿಲ್ಲುತ್ತಿದ್ದಳು. ಎರಡು ದೊಡ್ಡ ಕಬ್ಬಿಣದ ಉರುಳೆಗಳ ನಡುವೆ ಒದ್ದೆ ಬಟ್ಟೆ ತೂರಿಸಿದರೆ ಆಚೆ ಕಡೆ ಒಣಗಿ ಇಸ್ತ್ರಿಯಾಗಿ ಬರುವ ಯಂತ್ರ ಅದು. ಎತ್ತರ ಸಾಲದೆ ಒಂದು ಮರದ ಮಣೆಯ ಮೇಲೆ ನಿಂತು ಬಟ್ಟೆ ಕೊಡುತ್ತಿದ್ದಳು. ಆ ಯಂತ್ರದ ಮುಂದೆ ಅವಳದ್ದೇ ಎತ್ತಿದ ಕೈ. ಹೊತ್ತು ಹೋಗಲೆಂದು ಮೇಲಿನ ಕೋಣೆಗಳ ಗಿರಾಕಿಗಳಿಗೆ ಅವರ ದಿಂಬಿನ ಹೊದಿಕೆ ನೋಡಿ ಹೆಸರಿಡುವಳು. ಲಿಪ್‌ಸ್ಟಿಕ್ ಕಂಡರೆ "ಕೆಂಪಮ್ಮ ಬಂದಿದ್ದಾಳೆ ನೋಡ್ರೇ," ಕೂದಲ ಬಣ್ಣ ಕಂಡರೆ "ತಾತನಿಗೆ ಮತ್ತೆ ಪ್ರಾಯ ಬಂದಿದೆ." ಯಂತ್ರದ ಸದ್ದನ್ನೂ ಮೀರಿ ನಗು ಕೇಳಿಸುತ್ತಿತ್ತು.

ಹೀಗಿರುವಾಗ ಹೊಸ ಮ್ಯಾನೇಜರು ಬಂದ. ಅವನು ನೆಲಮಾಳಿಗೆಗೆ ಇಳಿಯುವ ಮೊದಲೇ ಅವನ ಸೆಂಟು ಇಳಿಯುತ್ತಿದ್ದದ್ದರಿಂದ ಕುಳ್ಳಿ ಅವನಿಗೆ ಸೆಂಟು ಸಾಹೇಬ ಎಂದು ಹೆಸರಿಟ್ಟಳು. ಬಾಯಲ್ಲಿ ಯಾವಾಗಲೂ ಪುದೀನ ಮಿಠಾಯಿ. ಗದರುವುದು ಗೊತ್ತೇ ಇಲ್ಲ, ಎಲ್ಲವನ್ನೂ ಬೆಣ್ಣೆಯಲ್ಲಿ ಅದ್ದಿಯೇ ಹೇಳುತ್ತಿದ್ದ. ಒಂದು ದಿನ ದೊಡ್ಡಕ್ಕನನ್ನು ಮೇಲಕ್ಕೆ ಕರೆಸಿ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದ.

"ನಿಮ್ಮ ಲಾಂಡ್ರೀಲಿ ಎಂಟು ಜನ ಇದ್ದಾರೆ. ಇಪ್ಪತ್ನಾಲ್ಕು ಮಾಡೋಣ ಅಂತಿದ್ದೀನಿ" ಎಂದ.

ದೊಡ್ಡಕ್ಕನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. "ಅಷ್ಟೊಂದು ಜನಕ್ಕೆ ಕೆಲಸ ಎಲ್ಲಿದೆ ಸರ್?"

"ಕೆಲಸ ಅಷ್ಟೇ ಇರುತ್ತೆ. ಪಾಳಿ ಚಿಕ್ಕದು ಮಾಡ್ತೀವಿ. ಒಬ್ಬೊಬ್ಬರಿಗೆ ಮೂರು ಗಂಟೆ. ಗಂಟೆ ಲೆಕ್ಕದ ಕೂಲಿ ಸ್ವಲ್ಪ ಏರಿಸ್ತೀವಿ. ಯಾರನ್ನೂ ತೆಗೆಯಲ್ಲ. ಇನ್ನೂ ಹದಿನಾರು ಮನೆಯ ಒಲೆ ಉರಿಯುತ್ತಲ್ಲ, ಯೋಚನೆ ಮಾಡಿ."

ಒಂಬತ್ತು ಗಂಟೆ ಕೆಲಸ ಇದ್ದವಳಿಗೆ ಮೂರು ಗಂಟೆ ಉಳಿದರೆ ಅವಳ ಒಲೆಯ ಗತಿಯೇನು ಎಂದು ಕೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವನು, ರಜೆಯ ಸಂಬಳ, ಔಷಧಿಯ ಖರ್ಚು, ಮಧ್ಯಾಹ್ನದ ಊಟ ಇವೆಲ್ಲ ಪೂರ್ತಿ ದಿನದ ಕೆಲಸದವರಿಗೆ ಮಾತ್ರ ಎಂದೂ, ಇನ್ನು ಮೇಲೆ ಅಂಥವರು ಲಾಂಡ್ರಿಯಲ್ಲಿ ದೊಡ್ಡಕ್ಕ ಒಬ್ಬಳೇ ಎಂದೂ, ಅವಳಿಗೆ 'ಸಂಯೋಜಕಿ' ಎಂಬ ಹೊಸ ಹುದ್ದೆ, ಸಂಬಳವೂ ಹೆಚ್ಚು ಎಂದೂ ಒಂದೇ ಉಸಿರಿಗೆ ಹೇಳಿ ಮುಗಿಸಿದ. "ನೀವು ಹೇಳಿದ್ರೆ ಅವರು ಕೇಳ್ತಾರೆ" ಎಂದು ಮುಂದಕ್ಕೆ ಬಾಗಿದ. ಪುದೀನದ ತಣ್ಣನೆ ಉಸಿರು ಅವಳ ಮುಖಕ್ಕೆ ಬಡಿಯಿತು. ಅವಳ ಹೊಟ್ಟೆಯೊಳಗೆ ಏನೋ ಒಂದು ಸಲ ಮಗುಚಿತು. ಬೆಳಗ್ಗೆ ಸರಿಯಾಗಿ ತಿಂದಿಲ್ಲ, ಅದಕ್ಕೇ ಇರಬೇಕು ಅಂದುಕೊಂಡಳು.

ಗಂಡನ ಬೆನ್ನುನೋವು ಆ ವರ್ಷ ಹೆಚ್ಚಾಗಿತ್ತು. ಅವನು ಮೊದಲಿನಂತೆ ಲಿಫ್ಟಿನ ಗುಂಡಿಯೊಳಗೆ ಇಳಿಯಲಾರದೆ ವಾರದಲ್ಲಿ ಎರಡು ದಿನ ಮಲಗಿಯೇ ಇರುತ್ತಿದ್ದ. ಹೂಂ ಎಂದಳು.

ಎಂಟೂ ಜನಕ್ಕೆ ಅವಳೇ ಹೇಳಿದಳು. ಯಂತ್ರಗಳನ್ನು ನಿಲ್ಲಿಸಿ ಬಟ್ಟೆಯ ರಾಶಿಯ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದಳು. ಕುಳ್ಳಿ, "ನೀನೇನಂತೀಯಾ ದೊಡ್ಡಕ್ಕ? ಒಪ್ಪಿಕೊಳ್ಳೋದಾ?" ಎಂದಳು.

"ಸದ್ಯಕ್ಕೆ ಒಪ್ಪಿಕೊಳ್ಳಿ. ಇಲ್ಲಾಂದ್ರೆ ಇದೂ ಹೋಗುತ್ತೆ. ಆಮೇಲೆ ನಾನು ಇದ್ದೀನಲ್ಲ."

"ನೀನಿದ್ದೀಯಲ್ಲ, ಮತ್ತೇನು" ಎಂದು ಕುಳ್ಳಿ ಎದ್ದು ಯಂತ್ರ ಚಾಲೂ ಮಾಡಿದಳು.

ಆರು ತಿಂಗಳೊಳಗೆ ಲಾಂಡ್ರಿ ಬಸ್ ನಿಲ್ದಾಣದಂತಾಯಿತು. ಒಬ್ಬರು ಬಂದರೆ ಒಬ್ಬರು ಹೋಗುವರು. ಒಂದೇ ಕಪಾಟಿಗೆ ಮೂವರ ಚಪ್ಪಲಿ. ಯಾರ ಹೆಸರು ಯಾರಿಗೂ ಬಾಯಿಗೆ ಬರದೆ "ಏಯ್ ಹತ್ತು ಗಂಟೆಯವಳೇ, ಒಂದು ಗಂಟೆಯವಳು ಬಂದ್ಲಾ?" ಎಂದು ಕೂಗುವಂತಾಯಿತು. ನಗು ಅಡಗಿತು, ಗುರುತಿಲ್ಲದವರ ಜೊತೆ ಏನೆಂದು ನಗುವುದು? ಕುಳ್ಳಿ ಬೆಳಗಿನ ಪಾಳಿ ಮುಗಿಸಿ ಓಡುತ್ತ ಬಸ್ಸು ಹಿಡಿದು ಒಂದು ಆಸ್ಪತ್ರೆಯಲ್ಲಿ ನೆಲ ಒರೆಸಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಮಾಲ್ ಒಂದರ ಶೌಚಾಲಯದ ಬಾಗಿಲಲ್ಲಿ ಒರಸು ಬಟ್ಟೆ ಹಿಡಿದು ನಿಲ್ಲುತ್ತಿದ್ದಳು. ಬಸ್ಸಿನಲ್ಲಿ ಕಳೆದ ಹೊತ್ತಿಗೆ ಯಾರೂ ಕೂಲಿ ಕೊಡುತ್ತಿರಲಿಲ್ಲ. ಮೂರು ಕಡೆ ದುಡಿದರೂ ಹಿಂದೆ ಒಂದೇ ಕಡೆ ಬರುತ್ತಿದ್ದಷ್ಟು ಕೈಗೆ ಬರುತ್ತಿರಲಿಲ್ಲ. ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ನಿಂತಲ್ಲೇ ತೂಕಡಿಸುವಳು.

ದೊಡ್ಡಕ್ಕನ ಮೈದುನ, ಗಂಡನ ತಮ್ಮ, ಸರಕಾರಿ ಅಂಕಿಅಂಶ ಕಚೇರಿಯಲ್ಲಿ ಇದ್ದ. ಎಲ್ಲೆಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಕೂಲಿ ಎಷ್ಟು ಏರಿತು ಎಂದು ತಿಂಗಳಿಗೊಮ್ಮೆ ಪ್ರಕಟವಾಗುತ್ತದಲ್ಲ, ಅದನ್ನು ಒಟ್ಟುಗೂಡಿಸುವ ಗುಂಪಿನಲ್ಲಿ ಒಬ್ಬ. ಮನೆಗೆಲ್ಲ ಅವನೇ ಓದಿದವನು, ಅತ್ತೆಗೆ ಅವನೆಂದರೆ ಪ್ರಾಣ. ಒಂದು ಭಾನುವಾರ ಊಟಕ್ಕೆ ಬಂದಿದ್ದ. ಟೀವಿಯಲ್ಲಿ, ಹೋಟೆಲು, ಆಸ್ಪತ್ರೆ, ಅಂಗಡಿ ಮುಂತಾದ ಸೇವಾ ಕ್ಷೇತ್ರದಲ್ಲಿ ಉದ್ಯೋಗ ಎಂದೂ ಇಲ್ಲದಷ್ಟು ಹೆಚ್ಚಿದೆ, ಗಂಟೆವಾರು ಕೂಲಿಯೂ ಏರಿದೆ, ದೇಶದ ಆರ್ಥಿಕತೆಗೆ ಇದು ಶುಭಸೂಚನೆ ಎಂದು ಒಬ್ಬಳು ನಗುನಗುತ್ತ ಓದುತ್ತಿದ್ದಳು.

"ನಮ್ಮ ಅಂಕಿ" ಎಂದ ಮೈದುನ, ತುತ್ತು ಬಾಯಿಗಿಡುತ್ತ.

ದೊಡ್ಡಕ್ಕ ಬಡಿಸುವುದನ್ನು ನಿಲ್ಲಿಸಿದಳು. "ನಮ್ಮ ಹೋಟೆಲಿನಲ್ಲಿ ಎಂಟು ಹೋಗಿ ಇಪ್ಪತ್ನಾಲ್ಕು ಆಯ್ತಲ್ಲ, ಅದೂ ಸೇರಿದೆಯಾ ಇದರಲ್ಲಿ?"

"ಸೇರಿರುತ್ತೆ. ಸಂಸ್ಥೆಗಳು ಎಷ್ಟು ಜನಕ್ಕೆ ಸಂಬಳ ಕೊಟ್ವಿ ಅಂತ ಹೇಳ್ತಾವೋ ಅಷ್ಟನ್ನ ಕೂಡಿಸ್ತೀವಿ."

"ನಮ್ಮ ಕುಳ್ಳಿ ಮೂರು ಕಡೆ ಹೋಗ್ತಾಳೆ."

"ಹಾಗಾದ್ರೆ ಮೂರು ಕಡೆ ಬರ್ತಾಳೆ. ಆ ಲೆಕ್ಕದಲ್ಲಿ ನಾವು ತಲೆ ಎಣಿಸಲ್ಲ ಅತ್ತಿಗೆ, ಕೆಲಸ ಎಣಿಸ್ತೀವಿ."

ಗಂಡ ಮಲಗಿದ್ದಲ್ಲಿಂದಲೇ ನಕ್ಕ. "ಇರೋ ಒಬ್ಬ ಕುಳ್ಳಿಯನ್ನೇ ಸಂಭಾಳಿಸೋಕಾಗಲ್ಲ, ಮೂರಾದ್ಲಾ!" ಅತ್ತೆ ಮಾತ್ರ ನಗಲಿಲ್ಲ. "ಬರೋವಳು ಒಬ್ಬಳು, ಕಾಣೋದು ಮೂವರು. ನಿಮ್ಮ ಆಫೀಸಲ್ಲಿ ಎಲ್ಲರಿಗೂ ಕಣ್ಣಿಗೆ ಪೊರೆ ಬಂದಿದೆಯೇನೋ ಮಗನೇ?" ಎಂದಳು.

"ಪೊರೆ ಏನಿಲ್ಲಮ್ಮ. ನಮಗೆಲ್ಲ ಗೊತ್ತು. ಚಿಕ್ಕ ಪಾಳಿಯಿಂದ ಹೀಗಾಗ್ತಿದೆ, ಕೈಗೆ ಬರೋ ಒಟ್ಟು ಸಂಬಳ ಕಮ್ಮಿ ಆಗ್ತಿದೆ, ಎಲ್ಲಾ ಗೊತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಟಿಪ್ಪಣಿ ಹಾಕಿದ್ದೀವಿ. ಓದೋರು ಓದ್ಕೋಬೇಕು."

"ಯಾರು ಓದ್ತಾರೆ?"

"ಯಾರೂ ಓದಲ್ಲ" ಎಂದು ಮೈದುನ ಇನ್ನೊಂದು ತುತ್ತು ಕಲಸಿದ.

ಅವನು ಕೆಟ್ಟವನಲ್ಲ. ಅಣ್ಣನ ಔಷಧಿಗೆ ಕೇಳದೆಯೇ ಕೊಡುತ್ತಿದ್ದವನು. ಗೊತ್ತಿಲ್ಲ ಅಂದಿದ್ದರೆ ದೊಡ್ಡಕ್ಕ ಸಹಿಸಿಕೊಳ್ಳುತ್ತಿದ್ದಳೇನೋ. ಎಲ್ಲ ಗೊತ್ತಿದ್ದೂ ಇಷ್ಟು ನೆಮ್ಮದಿಯಾಗಿ ಅಗಿಯುವ ಆ ದವಡೆ ನೋಡುತ್ತಿದ್ದಂತೆ ಅವಳಿಗೆ ಮತ್ತೆ ಹೊಟ್ಟೆ ಮಗುಚಿತು. ಈ ಸಲ ಅತ್ತೆಯ ಜೊತೆ ಆಗಲೇ ಉಂಡು ಹೊಟ್ಟೆ ತುಂಬಿತ್ತು, ಹಸಿವಿನ ನೆಪ ಇರಲಿಲ್ಲ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ತಿಂದದ್ದನ್ನೆಲ್ಲ ಕಕ್ಕಿ ಮುಖ ತೊಳೆದು ಬಂದಳು. ಬಂದವಳು ಎಂದಿನಂತೆ ಎಲ್ಲರ ತಟ್ಟೆ ಎತ್ತಿದಳು, ಮೈದುನನದ್ದೊಂದು ಬಿಟ್ಟು. ಅದನ್ನು ಮುಟ್ಟಲು ಅವಳಿಗೆ ಕೈಯೇ ಬರಲಿಲ್ಲ. ಅತ್ತೆ ಅದನ್ನು ಕಂಡಳು, ಆ ತಟ್ಟೆಯನ್ನು ತಾನೇ ಎತ್ತಿದಳು.

ಮುಂದಿನ ತಿಂಗಳು ಸೇವಾ ಕ್ಷೇತ್ರದ ದೊಡ್ಡ ದೊಡ್ಡ ಕುಳಗಳ ಸಮಾವೇಶ ಅದೇ ಹೋಟೆಲಿನ ಸಭಾಂಗಣದಲ್ಲಿ ಏರ್ಪಾಡಾಯಿತು. ಅತಿ ಹೆಚ್ಚು ಉದ್ಯೋಗ ಸೃಷ್ಟಿಸಿದ್ದಕ್ಕೆ ಹೋಟೆಲಿಗೆ ಸನ್ಮಾನವಂತೆ. ಲಾಂಡ್ರಿಯ ಇಪ್ಪತ್ನಾಲ್ಕೂ ಜನ ಹೊಸ ಸಮವಸ್ತ್ರದಲ್ಲಿ ವೇದಿಕೆಗೆ ಬರಬೇಕು, ಫೋಟೋ ತೆಗೆಯಬೇಕು ಎಂದು ಸೆಂಟು ಸಾಹೇಬ ಹೇಳಿಕಳಿಸಿದ. ಪಾಳಿ ಇಲ್ಲದವರಿಗೂ ದೊಡ್ಡಕ್ಕನೇ ಫೋನು ಮಾಡಿ ಕರೆಯಬೇಕಾಯಿತು. ಆ ಹೊತ್ತಿಗೆ ಕೂಲಿ ಇಲ್ಲ. ಗೌರವದ ಸಂಗತಿಯಾದ್ದರಿಂದ ಕೂಲಿಯ ಮಾತು ಬೇಡ ಎಂದಿದ್ದ.

ಕುಳ್ಳಿಯ ಪಾಳಿ ಬೆಳಗ್ಗೆಯೇ ಮುಗಿದಿತ್ತು. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿದ್ದಳು. "ಬರಲೇಬೇಕಾ?" ಎಂದಳು ಫೋನಿನಲ್ಲಿ.

"ಒಂದು ಗಳಿಗೆ ಬಂದು ಹೋಗೇ. ನನ್ನ ಮಾತಿಗೆ."

ಬಂದಳು. ಇಪ್ಪತ್ನಾಲ್ಕು ಜನ ಒಬ್ಬರನ್ನೊಬ್ಬರು ನೋಡಿದ್ದೇ ಅವತ್ತು. ಇಷ್ಟು ದಿನ ಒಂದೇ ಕಪಾಟಿನಲ್ಲಿ ಚಪ್ಪಲಿ ಬಿಟ್ಟ ಮೂವರು ಮುಖಾಮುಖಿಯಾಗಿ, "ಓ, ಆ ನೀಲಿ ಚಪ್ಪಲಿ ನಿಮ್ದಾ?" ಎಂದು ಕೇಳಿಕೊಂಡರು. ವೇದಿಕೆಯಲ್ಲಿ ಸಾಲಾಗಿ ನಿಲ್ಲಿಸಿದರು. ಚಪ್ಪಾಳೆ. ದೊಡ್ಡಕ್ಕನ ಕೈಗೆ ಮೈಕು ಬಂತು. ಮೊದಲೇ ಬಾಯಿಪಾಠ ಮಾಡಿಸಿದ್ದ ಒಂದು ಸಾಲು ಹೇಳಬೇಕಿತ್ತು: "ನಮ್ಮ ಕುಟುಂಬ ದೊಡ್ಡದಾಗಿದೆ." ಹೇಳಿದಳು. ತನ್ನದೇ ದನಿ ದೊಡ್ಡ ಪೆಟ್ಟಿಗೆಗಳಿಂದ ಹೊರಬಂದು ಸಭಾಂಗಣವೆಲ್ಲ ಸುತ್ತಿ ಮತ್ತೆ ಅವಳ ಕಿವಿಗೇ ಬಂದು ಬಿದ್ದಾಗ, ಕೊಳವೆಯಿಂದ ಜಾರಿಬಂದ ಯಾವ ಗಂಟಿಗೂ ಬಾರದ ಹೇಸಿಗೆ ಅವಳಿಗೆ ತನ್ನ ಬಾಯಿಯ ಮೇಲೆ ಬಂತು. ನಾಲಿಗೆಯನ್ನು ಕಿತ್ತು ತಣ್ಣೀರಿಗೋ ಬಿಸಿನೀರಿಗೋ ಹಾಕಬೇಕೆನ್ನಿಸಿತು.

ಫೋಟೋ ಮುಗಿದು ಎಲ್ಲರೂ ಕೆಳಗಿಳಿದರು. ಅಷ್ಟರಲ್ಲಿ ಊಟದ ಮೇಜುಗಳಿಗೆ ಹಾಸುವ ಬಟ್ಟೆ ಸಾಲದೆಂದು ಮೇಲಿನಿಂದ ಅವಸರದ ಕರೆ ಬಂತು. ಆ ಪಾಳಿಯಲ್ಲಿ ಬಿಸಿ ಉರುಳೆಗೆ ನಿಲ್ಲಬೇಕಾದವಳು ಹೊಸಬಳು, ಅದರ ಹತ್ತಿರ ಹೋಗಲೂ ಹೆದರುತ್ತಿದ್ದಳು. ದೊಡ್ಡಕ್ಕ ಕುಳ್ಳಿಯ ಕಡೆ ನೋಡಿದಳು. ಕುಳ್ಳಿ ಮಣೆ ಎಳೆದುಕೊಂಡು ಹತ್ತಿದಳು. "ಬೇಗ ಕೊಡ್ರೇ, ನನ್ನ ಬಸ್ಸು ಹೋಗುತ್ತೆ."

ನಾಲ್ಕೋ ಐದೋ ಬಟ್ಟೆ ಹೋಗಿರಬೇಕು. ನಿಂತಲ್ಲೇ ಅವಳ ರೆಪ್ಪೆ ಕೂಡಿತು. ಹೊಸ ಸಮವಸ್ತ್ರದ ತೋಳು ಅವಳ ಅಳತೆಯದ್ದಲ್ಲ, ಉದ್ದ. ಬಟ್ಟೆಯ ಜೊತೆ ತೋಳಿನ ಅಂಚೂ ಉರುಳೆಗೆ ಸಿಕ್ಕಿತು, ಅದರ ಹಿಂದೆ ಕೈ. ಅವಳು ಕೂಗಿದ ಕೂಗಿಗೆ ಎಲ್ಲರೂ ಕಲ್ಲಾಗಿ ನಿಂತರು. ದೊಡ್ಡಕ್ಕ ಓಡಿಹೋಗಿ ಕೆಂಪು ಗುಂಡಿ ಒತ್ತಿ ಉರುಳೆಯನ್ನು ಹಿಂದಕ್ಕೆ ತಿರುಗಿಸಿದಳು. ಬಲಗೈಯ ಬೆರಳುಗಳಿಂದ ಮಣಿಕಟ್ಟಿನವರೆಗೆ ಚರ್ಮ ಸುಲಿದು ಬಿಳಿಚಿತ್ತು. ಲಾಂಡ್ರಿಯ ತುಂಬ ಸಾಬೂನಿನ ವಾಸನೆಯ ನಡುವೆ ಸುಟ್ಟ ಮಾಂಸದ ವಾಸನೆ. ಮೇಲೆ ಮೈಕಿನಲ್ಲಿ ಯಾರೋ ಇನ್ನೂ ಭಾಷಣ ಮಾಡುತ್ತಲೇ ಇದ್ದರು.

ಮರುದಿನ ಸೆಂಟು ಸಾಹೇಬ ಕರೆಸಿದ. ಅದೇ ಮೆತ್ತನೆಯ ಕುರ್ಚಿ. ಮುಖದಲ್ಲಿ ಮರುಕ. "ತುಂಬಾ ಬೇಜಾರಾಯ್ತು. ಪಾಪ. ಆದ್ರೆ ನೋಡಿ, ಆ ಹೊತ್ತಿಗೆ ಅವರು ನಮ್ಮ ಕೆಲಸದಲ್ಲಿ ಇರಲಿಲ್ಲ. ಪಾಳಿ ಬೆಳಗ್ಗೆಯೇ ಮುಗಿದಿತ್ತು. ಯಾರೂ ಹೇಳದೆ ತಾವಾಗಿ ಯಂತ್ರ ಮುಟ್ಟಿದ್ರು. ಈಗ ವಿಮೆಯವರು ಫೋನ್ ಮಾಡ್ತಾರೆ, ನೀವು ಅಷ್ಟು ಹೇಳಿದ್ರೆ ಸಾಕು."

"ಅವಳ ಔಷಧಿ?"

"ಅವರು ಆಸ್ಪತ್ರೆಯಲ್ಲೂ ಕೆಲಸ ಮಾಡ್ತಾರಂತಲ್ಲ? ಅವರೇನಾದ್ರೂ ನೋಡ್ಕೋಬಹುದು." ಮಿಠಾಯಿಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ತಳ್ಳಿದ.

ಫೋನು ಬಂತು. ಅವನು ಮಾತಾಡಿ ಇವಳ ಕೈಗೆ ಕೊಟ್ಟ. ಆಚೆ ಕಡೆ ಯಾರೋ ಒಬ್ಬ ನಿದ್ದೆಗಣ್ಣಿನ ದನಿಯಲ್ಲಿ, ಆ ಹೆಂಗಸು ಆ ಹೊತ್ತಿನಲ್ಲಿ ಕೆಲಸದ ಮೇಲಿದ್ದಳೇ ಎಂದು ಕೇಳಿದ. ದೊಡ್ಡಕ್ಕ ಸೆಂಟು ಸಾಹೇಬನ ಮುಖವನ್ನೇ ನೋಡುತ್ತ ಹೇಳಿದಳು:

"ಇದ್ಲು. ನಾನೇ ಫೋನು ಮಾಡಿ ಕರೆಸಿದ್ದು, ಮ್ಯಾನೇಜರು ಕರೆಸು ಅಂದಿದ್ದಕ್ಕೆ. ಯಂತ್ರದ ಮುಂದೆ ನಿಲ್ಲಿಸಿದ್ದೂ ನಾನೇ."

ಸೆಂಟು ಸಾಹೇಬನ ಮುಖದ ಮರುಕ ಆರಲಿಲ್ಲ, ಬಿಗಿಯಿತು. ಫೋನು ಇಟ್ಟ ಮೇಲೆ ಮೆಲ್ಲಗೆ, "ನಿಮಗೆ ಒಳ್ಳೇದು ಮಾಡೋಣ ಅಂತಿದ್ದೆ" ಎಂದ.

"ಗೊತ್ತು ಸರ್. ನಿಮ್ಮ ಒಳ್ಳೇದು ವಾಸನೆ ಹೊಡೀತಿದೆ."

ವಾರ ಕಳೆಯುವುದರೊಳಗೆ ಸಂಯೋಜಕಿಯ ಹುದ್ದೆ ರದ್ದಾಯಿತು, ಅವಳನ್ನು ಮನೆಗೆ ಕಳಿಸಿದರು. ಅವಳ ಜಾಗಕ್ಕೆ ಬೆಳಗ್ಗೆಗೆ ಒಬ್ಬಳು, ಸಂಜೆಗೆ ಒಬ್ಬಳು ಚಿಕ್ಕ ಪಾಳಿಯವರು ಬಂದರು. ಈ ಸುದ್ದಿ ಮೈದುನನ ಕಿವಿಗೂ ಬಿತ್ತು. ಸಮಾಧಾನ ಹೇಳಲು ಬಂದವನು ಬಾಗಿಲಲ್ಲೇ ತಡವರಿಸಿದ. ದೊಡ್ಡಕ್ಕನೇ ಕೇಳಿದಳು: "ಈ ತಿಂಗಳು ಒಂದು ಹೆಚ್ಚಾಯ್ತಾ ನಿಮ್ಮ ಲೆಕ್ಕದಲ್ಲಿ?" ಅತ್ತೆ ಒಳಗಿನಿಂದ, "ಹೊರಗೇ ಯಾಕೆ ನಿಂತಿದ್ದೀಯ, ಒಳಗೆ ಬಾ. ನಿನ್ನ ತಟ್ಟೆ ಇನ್ನು ಮುಂದೆ ನೀನೇ ತೊಳಿ, ಅಷ್ಟೇ" ಎಂದಳು. ಅವನು ತೊಳೆದ. ಈಗಲೂ ಬಂದಾಗೆಲ್ಲ ತೊಳೆಯುತ್ತಾನೆ. ಕಚೇರಿಯ ಕೆಲಸವನ್ನು ಮಾತ್ರ ಹಿಂದಿನಂತೆಯೇ ಮಾಡುತ್ತಾನೆ.

ವಿಮೆಯವರು ಕುಳ್ಳಿಯ ಔಷಧಿಯ ಖರ್ಚಿನಲ್ಲಿ ಅರ್ಧ ಕೊಟ್ಟು ಕೈ ತೊಳೆದುಕೊಂಡರು. ಗಾಯ ಮಾಯಲು ಬಹಳ ಕಾಲ ಹಿಡಿಯಿತು. ಎರಡು ಬೆರಳು ಮಡಚಲಿಲ್ಲ. ಹೋಟೆಲಿನವರು ಅವಳಿಗೆ ಪಾಳಿ ಕೊಡುವುದನ್ನೇ ನಿಲ್ಲಿಸಿದರು. ಕೆಲಸದಿಂದ ತೆಗೆದೆವು ಎಂದು ಯಾರೂ ಹೇಳಲಿಲ್ಲ, ಕರೆಯಲಿಲ್ಲ ಅಷ್ಟೇ. ಆಸ್ಪತ್ರೆಯವರೂ ಹಾಗೇ ಮಾಡಿದರು. ಮಾಲ್‌ನ ಶೌಚಾಲಯದ ಬಾಗಿಲಲ್ಲಿ ಎಡಗೈಯಿಂದ ಒರಸು ಬಟ್ಟೆ ಕೊಡುವ ಕೆಲಸವೊಂದು ಉಳಿಯಿತು.

ದೊಡ್ಡಕ್ಕನಿಗೆ ಕೆಲವು ತಿಂಗಳ ಮೇಲೆ ಒಂದು ವಸತಿ ಶಾಲೆಯ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು. ಹಳೆಯ ಯಂತ್ರಗಳು, ಸಂಬಳ ಕಡಿಮೆ, ಆದರೆ ಪೂರ್ತಿ ದಿನದ ಕೆಲಸ. ಅಲ್ಲಿನ ಮೇಲ್ವಿಚಾರಕಿಗೆ ಹೇಳಿ, ಕಾಡಿ, ಬೇಡಿ, ಬಟ್ಟೆ ವಿಂಗಡಿಸಲು ಇನ್ನೊಬ್ಬಳನ್ನು ತೆಗೆದುಕೊಳ್ಳಲು ಒಪ್ಪಿಸಿದಳು. ಅದೇ ಸಂಜೆ ಕುಳ್ಳಿಯ ಮನೆಗೆ ಹೋದಳು.

ಒಂದೇ ಕೋಣೆ, ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ. ಕುಳ್ಳಿ ಮಾಲ್‌ಗೆ ಹೊರಡುವ ತಯಾರಿಯಲ್ಲಿದ್ದಳು. ದೊಡ್ಡಕ್ಕ ಒಂದೇ ಸಮನೆ ಹೇಳಿದಳು: ಕೈಗೆ ಶ್ರಮ ಇಲ್ಲ, ಕೂತು ಮಾಡಬಹುದು, ರಜೆ ಇದೆ, ಊಟ ಇದೆ, ನಾನು ಇದ್ದೀನಿ.

ಕುಳ್ಳಿ ಕೇಳಿಸಿಕೊಂಡಳು. ಆಮೇಲೆ, "ಬೇಡ ಕಣೇ" ಎಂದಳು.

"ಯಾಕೆ? ನನ್ನ ಮೇಲೆ ಸಿಟ್ಟಾ?"

"ಸಿಟ್ಟಿತ್ತು. ಬಹಳ ಇತ್ತು. ಆ ಫೋನಿನಲ್ಲಿ ನೀನು ನಿಜ ಹೇಳಿದ್ದು ಗೊತ್ತಾದ ಮೇಲೆ ಅರ್ಧ ಇಳೀತು. ಉಳಿದರ್ಧ ನಿನ್ನ ಮೇಲಲ್ಲ." ಬಾಚಣಿಗೆ ಕೈಗೆ ತೆಗೆದುಕೊಂಡು ಹೇಳಿದಳು, "ನೀನು ಕರೆದ ಕೂಡ್ಲೇ ಓಡಿ ಬರೋ ಅಭ್ಯಾಸ ಇದೆಯಲ್ಲ ನನಗೆ, ಅದು ಹೋಗ್ಬೇಕು. ನಿನ್ನ ಜೊತೆ ಇದ್ರೆ ಹೋಗಲ್ಲ. ಬೇರೆ ಕಡೆ ನೋಡ್ತೀನಿ."

ದೊಡ್ಡಕ್ಕ ಹೋಗುವುದೋ ಕೂರುವುದೋ ತಿಳಿಯದೆ ಅಲ್ಲೇ ನಿಂತಳು. ಕುಳ್ಳಿ ಬಾಚಣಿಗೆಯನ್ನು ಎಡಗೈಯಲ್ಲಿ ಹಿಡಿದು ಎರಡು ಸಲ ಎಳೆದು ನೋಡಿದಳು, ಕೂದಲು ಕೈಗೆ ಸಿಗದೆ ಜಾರಿತು.

"ನಿಂತೇ ಇದ್ದೀಯಲ್ಲ, ಕಂಬದ ಹಾಗೆ" ಎಂದು ಗದರಿದಳು. "ಬಂದವಳು ಜಡೆಯಾದ್ರೂ ಹಾಕಿ ಹೋಗು."

ಅವಳು ನೆಲದ ಮೇಲೆ ಕೂತಳು. ದೊಡ್ಡಕ್ಕ ಮಂಚದ ಅಂಚಿನಲ್ಲಿ ಕೂತು ಸಿಕ್ಕು ಬಿಡಿಸತೊಡಗಿದಳು. ಬಹಳ ದಿನದಿಂದ ಸರಿಯಾಗಿ ಬಾಚದ ಕೂದಲು, ಬಿಡಿಸಲು ಹೊತ್ತು ಹಿಡಿಯಿತು. ಜಡೆಯ ತುದಿಗೆ ದಾರ ಕಟ್ಟಿದ ಮೇಲೆ ಕುಳ್ಳಿ ಎದ್ದು ಚಪ್ಪಲಿ ಮೆಟ್ಟಿ, ಬಾಗಿಲಿಗೆ ಬೀಗ ಹಾಕಿ ಬಸ್ಸಿಗೆ ಹೋದಳು. ದೊಡ್ಡಕ್ಕ ಇನ್ನೊಂದು ದಿಕ್ಕಿನ ಬಸ್ಸು ಹಿಡಿದಳು.